ತಕ್ಕಡಿ ಮೇಡಂ

ಹುಡುಗಿಯರು ಎದುರಿಗೆ ಅವಳನ್ನು 'ಕೋಚ್' ಎನ್ನುತ್ತಿದ್ದರು, ಬೆನ್ನ ಹಿಂದೆ 'ತಕ್ಕಡಿ ಮೇಡಂ' ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ. ಅಡ್ಡಹೆಸರಿಲ್ಲದ ಮೇಷ್ಟ್ರು ಉಪ್ಪಿಲ್ಲದ ಅಡುಗೆ ಇದ್ದ ಹಾಗೆ ಎಂದು ಸ್ಟಾಫ್ ರೂಮಿನಲ್ಲಿ ತಾನೇ ಹೇಳಿಕೊಂಡು ನಕ್ಕಿದ್ದಳು.

ಹೆಸರಿಗೆ ಕಾರಣ ಕ್ರೀಡಾ ಕೊಠಡಿಯ ಬಾಗಿಲ ಬಳಿಯಿದ್ದ ತೂಕದ ಯಂತ್ರ. ಪ್ರತಿ ಸೋಮವಾರ ಅಭ್ಯಾಸಕ್ಕೆ ಮೊದಲು ಹುಡುಗಿಯರು ಬೂಟು ಬಿಚ್ಚಿ ಒಬ್ಬೊಬ್ಬರಾಗಿ ಅದರ ಮೇಲೆ ನಿಲ್ಲಬೇಕಿತ್ತು. ಕೋಚ್ ಮುಳ್ಳು ನೋಡಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಏರಿದ್ದರೆ "ಏನಮ್ಮ, ವಾರವೆಲ್ಲ ನೆಂಟರ ಮನೇಲೇ ಇದ್ಯಾ?" ಎನ್ನುವಳು. ಇಳಿದಿದ್ದರೆ ಬೆನ್ನು ತಟ್ಟಿ ನಗುವಳು. ಏರಿದವಳೂ ಸೇರಿ ಎಲ್ಲರೂ ನಗುತ್ತಿದ್ದರು.

ಈ ಪದ್ಧತಿ ಅವಳದೇನಲ್ಲ, ಅವಳ ಗುರುವಿನದು. ಕೋಚ್ ಒಂದು ಕಾಲದಲ್ಲಿ ದೇಶದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಡಿದವಳು. ಕುಳ್ಳಿ. ಉದ್ದುದ್ದ ಹೆಂಗಸರ ಕಾಲ ಸಂದಿಯಲ್ಲಿ ಚೆಂಡು ಕುಟ್ಟಿಕೊಂಡು ನುಗ್ಗಿ, ಅವರು ತಿರುಗಿ ನೋಡುವಷ್ಟರಲ್ಲಿ ಬುಟ್ಟಿಗೆ ಹಾಕಿ ಬರುತ್ತಿದ್ದಳು. ಅವಳನ್ನು ತಯಾರು ಮಾಡಿದ ಆ ಗುರು, ಮುದುಕ ಮೇಷ್ಟ್ರು, ಒಂದು ಮಾತನ್ನು ಸದಾ ಹೇಳುತ್ತಿದ್ದರು: "ನೋವು ಅಂದ್ರೆ ಮೈ ಮಾತಾಡ್ತಿದೆ ಅಂತ. ಎಲ್ಲರ ಮಾತಿಗೂ ಕಿವಿ ಕೊಡಬಾರದು." ಅವಳು ಕಿವಿ ಕೊಡಲಿಲ್ಲ. ಮಂಡಿ ಸವೆದು ಆಟ ನಿಂತಾಗಲೂ ಮೇಷ್ಟ್ರ ಮೇಲೆ ಸಿಟ್ಟು ಬರಲಿಲ್ಲ. ಅವರು ಸತ್ತಾಗ ಹೆತ್ತ ತಂದೆಗೆ ಅತ್ತಂತೆ ಅತ್ತಳು.

ಆಟ ಬಿಟ್ಟ ಮೇಲೆ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಕೋಚ್ ಕೆಲಸ ಸಿಕ್ಕಿತು. ಕೆಮಿಸ್ಟ್ರಿ ಲ್ಯಾಬಿನ ಹಿಂದೆ ಬಿರುಕು ಬಿಟ್ಟ ಸಿಮೆಂಟಿನ ಅಂಕಣ. ಬುಟ್ಟಿ ಕಂಬದ ಬೋರ್ಡಿನ ನೆರಳಲ್ಲಿ ಉಪನ್ಯಾಸಕರು ಸ್ಕೂಟರು ನಿಲ್ಲಿಸುತ್ತಿದ್ದರು. ಲ್ಯಾಬಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಹಿಂದಿನ ದಿನ ಬಿಟ್ಟುಹೋದ ಗಾಡಿಗಳನ್ನು ತಾನೇ ತಳ್ಳಿ, ಪೊರಕೆ ಹಿಡಿದು ಗುಡಿಸುತ್ತಿದ್ದಳು. ಮೊದಲ ವರ್ಷಗಳಲ್ಲಿ ತಂಡ ಹೋದ ಬಸ್ಸಿನಲ್ಲೇ ವಾಪಸು ಬರುತ್ತಿತ್ತು. ಆಮೇಲಾಮೇಲೆ ಸೆಮಿಫೈನಲ್ಲು, ಫೈನಲ್ಲು, ಕಪ್ಪು. ಪ್ರಿನ್ಸಿಪಾಲರು ಕಪ್ಪುಗಳಿಗೆಂದು ಗಾಜಿನ ಬೀರು ಮಾಡಿಸಿ ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು. ಅವಳು ಮದುವೆ ಆಗಲಿಲ್ಲ. ಯಾರಾದರೂ ಕೇಳಿದರೆ "ಹನ್ನೆರಡು ಹೆಣ್ಣುಮಕ್ಕಳನ್ನ ದಿನಾ ಸಾಕ್ತೀನಿ, ಗಂಡನ್ನೂ ಎಲ್ಲಿ ಸಾಕ್ಲಿ?" ಎನ್ನುತ್ತಿದ್ದಳು.

ಅವಳಿಗೆ ಇದ್ದದ್ದು ಒಬ್ಬ ಅಕ್ಕ. ತಾಯಿ ಹೋದಾಗ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮನೆಯ ಮುಂಭಾಗದ ಕೋಣೆಯಲ್ಲಿ ಹೊಲಿಗೆ ಅಂಗಡಿ. ಹೆಣ್ಣುಮಕ್ಕಳು ಚಡ್ಡಿ ಹಾಕಿ ಬಯಲಲ್ಲಿ ಓಡುವುದನ್ನು ನೋಡಿ ಬೀದಿಯವರು ಮೂಗು ಮುರಿದಾಗ, ತಂಗಿಗೆ ಚಡ್ಡಿ ಹೊಲಿದು ಕೊಟ್ಟವಳು ಅವಳೇ. "ನೋಡೋರು ಕಣ್ಣು ಮುಚ್ಕೊಳ್ಳಲಿ, ನೀನು ಓಡು" ಎಂದಿದ್ದಳು. ಅಕ್ಕನ ಗಂಡ ಬೇಗ ತೀರಿಕೊಂಡ. ಉಳಿದದ್ದು ಒಬ್ಬಳೇ ಮಗಳು. ಸಣ್ಣ ಆಳು, ಚುರುಕು ಕಣ್ಣು. ಮೆಣಸಿನ ಕಾಳಿನ ಹಾಗೆ ಇದ್ದಾಳೆ ಎಂದು ಯಾರೋ ಅಂದದ್ದೇ ಉಳಿದು ಎಲ್ಲರೂ 'ಕಾಳು' ಎಂದೇ ಕರೆಯುತ್ತಿದ್ದರು.

ಕಾಳು ಚಿಕ್ಕಮ್ಮನ ಬಾಲ. ಆರು ವರ್ಷಕ್ಕೇ ಎರಡೂ ಕೈಯಲ್ಲಿ ಚೆಂಡು ಕುಟ್ಟುತ್ತಿದ್ದಳು. ದೊಡ್ಡವಳಾಗಿ ಚಿಕ್ಕಮ್ಮನ ಕಾಲೇಜಿಗೇ ಸೇರಿದಾಗ ಅಕ್ಕ ಮಗಳ ಕೈಯನ್ನು ತಂಗಿಯ ಕೈಗೆ ಕೊಟ್ಟು, "ಇನ್ಮೇಲೆ ಇವಳು ನಿನ್ನ ಜವಾಬ್ದಾರಿ. ನನಗೆ ಸೂಜಿ ದಾರ ಬಿಟ್ರೆ ಬೇರೇನೂ ತಿಳಿಯಲ್ಲ" ಎಂದಳು. ಕೋಚ್ ಮೊದಲ ದಿನವೇ ಕಾಳುವನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅಂಕಣದ ಗೆರೆ ದಾಟಿ ಒಳಗೆ ಬಂದ್ರೆ ನಾನು ಚಿಕ್ಕಮ್ಮ ಅಲ್ಲ. ಸಂಬಂಧಿಕಳು ಅಂತ ತಗೊಂಡ್ಳು ಅನ್ನೋ ಮಾತು ಬರಬಾರದು. ಬೇರೆಯವರು ಹತ್ತು ಸುತ್ತು ಓಡಿದ್ರೆ ನೀನು ಹನ್ನೆರಡು."

"ಸರಿ ಕೋಚ್" ಎಂದಳು ಕಾಳು. ಮನೆಯಲ್ಲೂ ಅವಳು 'ಚಿಕ್ಕಮ್ಮ' ಎನ್ನುವುದು ಅಂದಿನಿಂದ ಕಡಿಮೆಯಾಯಿತು.

ಎರಡನೇ ವರ್ಷಕ್ಕೆ ಕಾಳು ತಂಡದ ಜೀವವಾದಳು. ಅವಳ ಓಟ ಕಂಡು ಬೇರೆ ಕಾಲೇಜಿನ ಕೋಚುಗಳು ಬಂದು ಕೈ ಕುಲುಕುತ್ತಿದ್ದರು. "ನಿಮ್ಮದೇ ಅಚ್ಚು" ಎನ್ನುತ್ತಿದ್ದರು. ಕೋಚಿಗೆ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಸೋಮವಾರ ಮುಳ್ಳು ಕೆಳಗಿಳಿದೇ ಇರುತ್ತಿತ್ತು. "ನೋಡ್ರೇ, ಇವಳನ್ನ ನೋಡಿ ಕಲೀರಿ. ಮೈಮೇಲೆ ಬೇಡದ್ದು ಒಂದು ಚೂರಿಲ್ಲ" ಎಂದು ಎಲ್ಲರ ಎದುರು ಹೇಳುವಳು. ಅತ್ತ ಅಕ್ಕ ಕಾಳುವಿನ ಆಟದ ಬಟ್ಟೆಯ ಸೊಂಟವನ್ನು ಎರಡು ಸಲ ಹಿಡಿದು ಚಿಕ್ಕದು ಮಾಡಿದಳು. ಮೂರನೇ ಸಲ ಹಿಡಿಯುವಾಗ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು: "ತೀರಾ ಕಡ್ಡಿ ಆಗ್ತಿಲ್ವೇನೇ ಇವಳು?"

"ಆಟಗಾರ್ತಿ ಮೈ ಹಾಗೇ ಇರಬೇಕು ಅಕ್ಕ. ನಾನು ಹೇಗಿದ್ದೆ ನೆನಪಿಲ್ವಾ?"

ಅಕ್ಕನಿಗೆ ನೆನಪಿತ್ತು. ಹೆಮ್ಮೆಯಿಂದ ಹೊಲಿಗೆ ಹಾಕಿದಳು.

ಆ ವರ್ಷದ ದೊಡ್ಡ ಪಂದ್ಯಾವಳಿಗೆ ಕೆಲವು ವಾರ ಇರುವಾಗ ಕಾಳು ಅಭ್ಯಾಸ ಮುಗಿಸಿ ತೊಡೆಸಂದು ಹಿಡಿದುಕೊಂಡು ನಿಂತಳು. "ಇಲ್ಲಿ ಒಳಗೆ ಚುಚ್ಚುತ್ತೆ ಕೋಚ್. ಕೂತ್ರೂ ಹೋಗಲ್ಲ."

"ಸ್ನಾಯು ಹಿಡಿದಿರಬೇಕು. ಬಿಸಿನೀರಿನ ಶಾಖ ಕೊಡು" ಎಂದಳು ಕೋಚ್. ನಂತರ ತನ್ನ ಮೇಷ್ಟ್ರ ಮಾತನ್ನೂ ಸೇರಿಸಿದಳು. ಕಾಳು ತಲೆಯಾಡಿಸಿದಳು. ಮತ್ತೆಂದೂ ನೋವಿನ ಸುದ್ದಿ ಎತ್ತಲಿಲ್ಲ.

ಸೆಮಿಫೈನಲ್ಲಿನ ಕೊನೆಯ ಭಾಗ. ಕಾಳು ಇಬ್ಬರ ನಡುವೆ ನುಸುಳಿ ಜಿಗಿದಳು, ಚೆಂಡು ಬುಟ್ಟಿಗೆ ಬಿತ್ತು. ಅವಳು ಒಂಟಿ ಕಾಲಿನ ಮೇಲೆ ಇಳಿದಳು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಒಣಕಡ್ಡಿ ಮುರಿದಂಥ ಸದ್ದು ಬೆಂಚಿನ ತನಕ ಕೇಳಿಸಿತು. ಹುಡುಗಿ ಚೀರಲೂ ಇಲ್ಲ. ನೆಲದ ಮೇಲೆ ಬಿದ್ದು, ಬಾಯಿ ತೆರೆದು, ಉಸಿರಿಗೆ ಹುಡುಕಾಡುತ್ತಿದ್ದಳು. ಕೋಚ್ ಓಡಿ ಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಕಾಳು ಕೇಳಿದ ಮೊದಲ ಮಾತು: "ಬಿತ್ತಾ ಕೋಚ್? ಬುಟ್ಟಿಗೆ ಬಿತ್ತಾ?"

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತೊಡೆಮೂಳೆ ಸೊಂಟಕ್ಕೆ ಕೂಡುವ ಜಾಗದಲ್ಲೇ ಮುರಿದಿತ್ತು. ಅಷ್ಟರಲ್ಲಿ ಅಕ್ಕ ಹೆಗಲ ಮೇಲೆ ಅಳತೆ ಟೇಪು ಹಾಗೇ ಇದ್ದಂತೆ ಓಡಿ ಬಂದಿದ್ದಳು. ಡಾಕ್ಟರಮ್ಮ ಇಬ್ಬರನ್ನೂ ಬಿಟ್ಟು ಕಾಳುವನ್ನೇ ಕೇಳಿದಳು:

"ಕೊನೇ ಸಲ ಮುಟ್ಟಾಗಿದ್ದು ಯಾವಾಗಮ್ಮ?"

ಕಾಳು ಚಾವಣಿ ನೋಡಿದಳು. "ವರ್ಷದ ಮೇಲಾಗಿರಬೇಕು."

"ಏನಂದೆ?" ಎಂದಳು ಅಕ್ಕ.

"ಆಟಗಾರ್ತಿಯರಿಗೆ ಹಾಗಾಗುತ್ತೆ ಅಂದ್ಕೊಂಡೆ ಅಮ್ಮ. ಅನುಕೂಲಾನೇ ಆಯ್ತು."

ಕೋಚಿನ ಕಾಲದ ಶಿಬಿರಗಳಲ್ಲಿ ಹುಡುಗಿಯರು ಇದೇ ಮಾತನ್ನು ಹೇಳಿಕೊಂಡು ನಗುತ್ತಿದ್ದರು. 'ನನಗೆ ಪೀಡೆ ಕಳೀತು ಕಣೇ' ಎಂದು ಅವಳೂ ಜಂಬದಿಂದ ಹೇಳಿದ್ದಳು.

"ಹೊಟ್ಟೆಗೆ ಹಾಕದೆ ಮೈ ದುಡಿಸಿದ್ರೆ, ಮೈ ಮೊದಲು ಅದನ್ನ ನಿಲ್ಲಿಸುತ್ತೆ" ಎಂದಳು ಡಾಕ್ಟರಮ್ಮ. ದನಿ ಏರಿಸಲಿಲ್ಲ. "ಆಮೇಲೆ ಮೂಳೆನ ತಿನ್ನೋಕೆ ಶುರು ಮಾಡುತ್ತೆ. ಈ ಹುಡುಗಿದು ಅಜ್ಜಿಯರ ಮೂಳೆ ಇದ್ದಂಗಿದೆ. ಬಿದ್ದಿದ್ದಕ್ಕೆ ಮುರೀಲಿಲ್ಲ ಇದು. ಮೊದಲೇ ಸೀಳಿತ್ತು. ನೋವು ಅಂತ ಯಾರ ಹತ್ರಾನೂ ಹೇಳಿರಲಿಲ್ವಾ?"

ಕಾಳು ಕಣ್ಣು ಮುಚ್ಚಿಕೊಂಡಳು. "ಇಲ್ಲ" ಎಂದಳು. ಚಿಕ್ಕಮ್ಮನನ್ನು ಕಾಪಾಡಲು ಹುಡುಗಿ ಸುಳ್ಳು ಹೇಳಿದ್ದಳು. ಕೋಚ್ ಅದನ್ನು ತಿದ್ದಲಿಲ್ಲ.

ಆಪರೇಶನ್ ಆಯಿತು. ಮೂಳೆಗೆ ಸ್ಕ್ರೂ ಹಾಕಿದರು. ನಡೆಯಬಹುದು, ಜಿಗಿಯುವ ಆಸೆ ಬೇಡ ಎಂದರು.

ವಾರದೊಳಗೆ ಪ್ರಿನ್ಸಿಪಾಲರು ಕೋಚನ್ನು ಕರೆಸಿದರು. ಗಾಜಿನ ಬೀರುವಿನ ಮುಂದೆ ಕೂರಿಸಿ, ತಾವೇ ನೀರು ಕೊಟ್ಟು, ಮೆಲ್ಲಗೆ ಮಾತು ತೆಗೆದರು.

"ಆಡೋವಾಗ ಬಿದ್ಲು, ಮೂಳೆ ಮುರೀತು. ಅಷ್ಟೇ ತಾನೆ? ಆಟ ಅಂದ್ಮೇಲೆ ಏಟು ತಪ್ಪುತ್ತಾ? ಯೂನಿವರ್ಸಿಟಿ ತಂಡಕ್ಕೆ ನಿಮ್ಮನ್ನೇ ಕೋಚ್ ಮಾಡಬೇಕು ಅನ್ನೋ ಮಾತು ನಡೀತಿದೆ. ಹೇಗೂ ನಿಮ್ಮ ಅಕ್ಕನ ಮಗಳೇ, ಮನೆ ವಿಷಯ ಮನೇಲೇ ಮುಗಿಯುತ್ತೆ. ಕೆರೆದು ಹುಣ್ಣು ಮಾಡ್ಕೋಬೇಡಿ."

"ಸರಿ ಸರ್" ಎಂದಳು ಅವಳು. ಹೊರಗೆ ಬಂದ ಮೇಲೆ ತಾನು ಹಾಗೆ ಅಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೆ ಹಿಂದಿರುಗಿ ಹೋಗಿ ಬೇರೆ ಮಾತು ಹೇಳುವ ಧೈರ್ಯವೂ ಬರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಕ್ರೀಡಾ ಕೊಠಡಿಗೆ ಹೋಗಿ, ಗಾಳಿ ಇಳಿದ ಚೆಂಡುಗಳಿಗೆ ಪಂಪು ಹೊಡೆಯುತ್ತ ಕೂತಳು.

ಆ ಮಧ್ಯಾಹ್ನವೇ ತಂಡದ ಕ್ಯಾಪ್ಟನ್ ಬಂದಳು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರುವಷ್ಟು ಎತ್ತರದ ಹುಡುಗಿ. ಎಲ್ಲರೂ ಅವಳನ್ನು 'ಏಣಿ' ಎನ್ನುತ್ತಿದ್ದರು. ಕೂರು ಎಂದರೂ ಕೂರಲಿಲ್ಲ.

"ಕಾಳು ಒಬ್ಬಳೇ ಅಲ್ಲ ಮೇಡಂ" ಎಂದಳು.

"ಏನು ಒಬ್ಬಳೇ ಅಲ್ಲ?"

"ಸೋಮವಾರ ತೂಕ ಅಂದ್ರೆ ಭಾನುವಾರ ನಾವ್ಯಾರೂ ಊಟ ಮಾಡಲ್ಲ. ನೀರೂ ಕುಡಿಯಲ್ಲ. ಕೆಲವರು ತಿಂದದ್ದನ್ನ ಕಕ್ಕಿ ಬರ್ತಾರೆ. ಕಾಳು ವಾರ ಪೂರ್ತಿ ಹಾಗೇ ಇರ್ತಿದ್ಳು. ಅವರಮ್ಮ ಕಟ್ಟಿಕೊಟ್ಟ ಡಬ್ಬಿ ನಾವೇ ಖಾಲಿ ಮಾಡ್ತಿದ್ವಿ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಒಂದ್ಸಲ ಬಂದಿದ್ದೆ. ಓಡೋವಾಗ ತಲೆ ಸುತ್ತುತ್ತೆ ಅಂದೆ. 'ಅಷ್ಟು ಎತ್ತರದಲ್ಲಿ ಗಾಳಿ ಕಮ್ಮಿ ಇರುತ್ತೆ ಬಿಡು' ಅಂದ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ."

ಕೋಚಿಗೆ ಆ ದಿನ ನೆನಪಾಗಲಿಲ್ಲ. ಎಷ್ಟು ಯೋಚಿಸಿದರೂ ಆಗಲಿಲ್ಲ. ಹುಡುಗಿಗೆ ಅಕ್ಷರಶಃ ನೆನಪಿದ್ದ ಮಾತು ತನ್ನ ಬಾಯಿಂದ ಅಷ್ಟು ಹಗುರವಾಗಿ ಬಂದು ಹೋಗಿತ್ತು. ಅವಳು ಪಂಪನ್ನು ಕೆಳಗಿಟ್ಟಳು.

ಮರುದಿನ ಆಡಳಿತ ಮಂಡಳಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು: ತೂಕ, ತಾನು ಆಡಿದ ಮಾತು, ಕಾಳು ನೋವೆಂದು ಹೇಳಿದ್ದು, ತಾನು ಶಾಖ ಕೊಡು ಎಂದದ್ದು. ಎಲ್ಲ ಹುಡುಗಿಯರನ್ನೂ ಡಾಕ್ಟರಿಗೆ ತೋರಿಸಲೇಬೇಕೆಂದು ಹಟ ಹಿಡಿದಳು. ಪ್ರಿನ್ಸಿಪಾಲರು ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಹೊರಳಿಸುತ್ತಿದ್ದರು, ತಲೆ ಎತ್ತಲಿಲ್ಲ.

ಪರೀಕ್ಷೆ ಮಾಡಿದಾಗ ತಂಡದ ಅರ್ಧಕ್ಕಿಂತ ಹೆಚ್ಚು ಹುಡುಗಿಯರು ಆ ವರ್ಷ ಆಡಕೂಡದೆಂದು ತಿಳಿಯಿತು. ಒಬ್ಬಳ ಮೊಣಕಾಲ ಕೆಳಗಿನ ಮೂಳೆಯಲ್ಲಿ ಆಗಲೇ ಬಿರುಕಿತ್ತು. ಕಾಲೇಜು ಪಂದ್ಯಾವಳಿಗಳಿಂದ ಹಿಂದೆ ಸರಿಯಿತು. ಕೆಲವು ಅಪ್ಪ ಅಮ್ಮಂದಿರು ಬಂದು ಬೈದರು. ಒಬ್ಬ ತಂದೆಯ ಬೈಗುಳ ಮಾತ್ರ ಬೇರೆ ಥರ: "ಆಟದ ಕೋಟಾದಲ್ಲಿ ಕೆಲಸ ಸಿಗೋದಿತ್ತು ನನ್ನ ಮಗಳಿಗೆ. ಸುಮ್ನೆ ಇರೋಕಾಗ್ಲಿಲ್ವಾ ನಿಮಗೆ?" ಮಂಡಳಿ ಅವಳನ್ನು ತಂಡದಿಂದ ತೆಗೆದು, ಮೊದಲ ವರ್ಷದ ಹುಡುಗಿಯರಿಗೆ ವ್ಯಾಯಾಮ ಹೇಳಿಕೊಡುವ ಕೆಲಸಕ್ಕೆ ಹಾಕಿತು. ತಂಡಕ್ಕೆ ಹೊಸ ಕೋಚ್ ಬಂದಳು. ಯೂನಿವರ್ಸಿಟಿಯ ಮಾತು ಅಲ್ಲಿಗೇ ನಿಂತಿತು.

ಅಕ್ಕನಿಗೆ ಎಲ್ಲವೂ ತಿಳಿದದ್ದು ಮಂಡಳಿಯ ಸಭೆಯ ನಂತರ. ತಂಗಿ ಮನೆ ಬಾಗಿಲಿಗೆ ಬಂದಾಗ ಅವಳು ಮೆಶಿನ್ ನಿಲ್ಲಿಸದೆ ಹೇಳಿದಳು: "ಬೇಲಿ ಅಂತ ನಿನ್ನ ನಂಬಿ ಬಿಟ್ಟಿದ್ದೆ. ಬೇಲಿನೇ ಎದ್ದು ಹೊಲ ಮೇಯ್ತು. ನಾನೂ ಕುರುಡಿ. ಕೂತು ಕೂತು ಬಟ್ಟೆ ಸೊಂಟ ಹಿಡಿದು ಕೊಟ್ಟೆ." ಮೆಶಿನ್ನಿನ ಗಾಲಿ ಜೋರಾಗಿ ತಿರುಗಿತು. "ಹೋಗು. ಈಗ ಹೋಗು."

ಒಳಗಿನಿಂದ ಕಾಳು ಕರೆದಳು. "ಅಮ್ಮ, ಬಿಡು. ನಾನು ಮಾತಾಡಬೇಕು."

ಕಾಳು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಾಲಿಗೆ ಮರದ ಹಲಗೆ ಆನಿಸಿದ್ದರು. ಕೋಚ್ ಕಾಲ ಬಳಿ ಕೂತು, "ನನ್ನಿಂದ ತಪ್ಪಾಯ್ತು" ಎಂದಳು.

"ನೀವು ತಿನ್ನಬೇಡ ಅಂತ ಒಂದು ದಿನಾನೂ ಅಂದಿಲ್ಲ. ಅದು ನನಗೂ ಗೊತ್ತು" ಎಂದಳು ಕಾಳು. "ಅಂಕಣದೊಳಗೆ ಚಿಕ್ಕಮ್ಮ ಅಲ್ಲ ಅಂದ್ರಿ. ಸರಿ ಅಂದೆ. ಆಮೇಲೆ ನೀವು ನನ್ನ ನೋಡಿ ನಗ್ತಿದ್ದದ್ದೇ ಸೋಮವಾರ, ಮುಳ್ಳು ಇಳಿದಾಗ. ಬುಟ್ಟಿಗೆ ಹಾಕಿದ್ರೆ 'ಮುಂದಿನದು ನೋಡು' ಅಂತಿದ್ರಿ. ತೂಕ ಇಳಿದ್ರೆ ಬೆನ್ನು ತಟ್ತಿದ್ರಿ. ನಾನೇನ್ ಮಾಡ್ಲಿ ಹೇಳಿ?"

ಕೋಚ್ ಅವಳ ಪಾದದ ಮೇಲೆ ಕೈ ಇಡಲು ಹೋದಳು. ಕಾಳು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ.

"ಡಾಕ್ಟರ ಹತ್ರ ಇಲ್ಲ ಅಂತ ಯಾಕೆ ಹೇಳಿದೆ?"

"ಅಮ್ಮ ಅಲ್ಲೇ ನಿಂತಿದ್ಳು. ನಿಮ್ಮನ್ನ ಬಿಟ್ರೆ ಅಮ್ಮನಿಗೆ ಇನ್ಯಾರಿದ್ದಾರೆ?" ಎಂದ ಕಾಳು ಗೋಡೆಯ ಕಡೆ ತಿರುಗಿದಳು. "ಈಗ ಹೋಗಿ. ಸುಸ್ತಾಗ್ತಿದೆ."

ಆಮೇಲಿನ ತಿಂಗಳುಗಳು ಉದ್ದವಾದವು. ಕಾಳು ಊರುಗೋಲು ಹಿಡಿದು ಎದ್ದಳು, ಕೊನೆಗೆ ಅದನ್ನೂ ಬಿಟ್ಟಳು. ಮೂಳೆ ಕೂಡಿತು, ಆದರೆ ಊಟ ಕೂಡಲಿಲ್ಲ. ತಟ್ಟೆ ಮುಂದೆ ಬಂದರೆ ಹುಡುಗಿಯ ಮುಖ ಬಿಗಿಯುತ್ತಿತ್ತು. ತುತ್ತನ್ನು ಇಬ್ಭಾಗ, ಮತ್ತೆ ಇಬ್ಭಾಗ ಮಾಡುವಳು. ಅಕ್ಕ ಮೊದಲು ಬೇಡಿಕೊಂಡಳು, ನಂತರ ಗದರಿದಳು, ಕೊನೆಗೆ ಎದುರಿಗೆ ಕೂತು ಅತ್ತಳು. ಯಾವುದರಿಂದಲೂ ಒಂದು ತುತ್ತು ಹೆಚ್ಚು ಇಳಿಯಲಿಲ್ಲ. ಡಾಕ್ಟರಮ್ಮ ಮನೋವೈದ್ಯರ ಬಳಿ ಕಳಿಸಿದಳು. ವೈದ್ಯರು ತಾಯಿಗೆ ಹೇಳಿದರು: "ಊಟದ ಹೊತ್ತಲ್ಲಿ ಅವಳ ತಟ್ಟೆ ನೋಡಬೇಡಿ. ತಿನ್ನು ಅಂತಾನೂ ಅನ್ನಬೇಡಿ. ಪಕ್ಕದಲ್ಲಿ ಕೂತು ಬೇರೆಯವರ ಜೊತೆ ಏನಾದ್ರೂ ಮಾತಾಡ್ತಾ ಇರಿ. ಕಾಯಿಲೆ ಒಂದೇ ದಿನಕ್ಕೆ ಬಂದಿಲ್ಲ, ಒಂದೇ ದಿನಕ್ಕೆ ಹೋಗಲ್ಲ."

ಬೇರೆ ಮಾತು ಯಾರ ಜೊತೆ ಆಡುವುದು? ಮನೆಯಲ್ಲಿದ್ದದ್ದು ಇಬ್ಬರೇ. ಅಕ್ಕ ಗೋಡೆಯ ಜೊತೆ ಮಾತಾಡಿ ನೋಡಿದಳು. ಕಾಳುವೇ ನಕ್ಕುಬಿಟ್ಟು, ಚಮಚ ಕೆಳಗಿಟ್ಟು ಎದ್ದುಹೋದಳು.

ಒಂದು ಭಾನುವಾರ ಬೆಳಿಗ್ಗೆ ಕೋಚಿಗೆ ಫೋನು ಬಂತು. ವರ್ಷದ ಹತ್ತಿರವಾಗಿತ್ತು ಅಕ್ಕನ ದನಿ ಕೇಳಿ.

"ಮಧ್ಯಾಹ್ನ ಊಟಕ್ಕೆ ಬಾ."

"ಅಕ್ಕ..."

"ನಿನಗೋಸ್ಕರ ಅಲ್ಲ. ಕ್ಷಮಿಸಿಬಿಟ್ಟೆ ಅಂತಾನೂ ಅಂದ್ಕೋಬೇಡ. ನನಗೆ ಊಟದ ಹೊತ್ತಲ್ಲಿ ಮಾತಾಡೋಕೆ ಒಂದು ಜನ ಬೇಕು" ಎಂದು ಅಕ್ಕ ಫೋನಿಟ್ಟಳು.

ಅವಳು ಹೋದಳು. ಅಡುಗೆಮನೆಯ ಸಣ್ಣ ಮೇಜಿಗೆ ಮೂವರೂ ಕೂತರು. ಕಾಳು ಕಿಟಕಿಯ ಪಕ್ಕ, ಅಕ್ಕ ತಂಗಿ ಎದುರುಬದುರು. ಕಾಳು ಈಗ ಮಂಡಿಯ ತನಕ ಬರುವ ಸಡಿಲ ಅಂಗಿ ತೊಡುತ್ತಿದ್ದಳು. ಅದರೊಳಗೆ ಹುಡುಗಿ ಎಷ್ಟಿದ್ದಾಳೆಂದು ನೋಡಬಾರದೆಂದು ಕೋಚ್ ತನ್ನ ಕಣ್ಣುಗಳಿಗೆ ತಾನೇ ಹೇಳಿಕೊಳ್ಳಬೇಕಾಯಿತು. ಜೀವಮಾನವಿಡೀ ಮಾಡಿದ ಕೆಲಸವೇ ಮೈ ನೋಡಿ ಅಳೆಯುವುದು. ಅಕ್ಕನದೂ ಅದೇ ಕೆಲಸ. ಇಬ್ಬರೂ ಉಪ್ಪಿನ ಬಟ್ಟಲನ್ನು ದಿಟ್ಟಿಸುತ್ತ ಕೂತರು.

"ಪಕ್ಕದ ಮನೆಯವರು ನಾಯಿ ಸಾಕಿದಾರೆ" ಎಂದಳು ಅಕ್ಕ, ಪಾಠ ಒಪ್ಪಿಸುವವಳಂತೆ.

"ಹೌದಾ? ಯಾವ ಥರದ್ದು?"

"ನಾಲ್ಕು ಕಾಲಿಂದು."

ಕಾಳುವಿನ ಕಡೆಯಿಂದ ಮೂಗಿನಲ್ಲಿ ಬಂದ ಸಣ್ಣ ನಗೆ ಕೇಳಿಸಿತು. ಇಬ್ಬರೂ ಅತ್ತ ತಿರುಗಲಿಲ್ಲ.

"ನೀನು ಹೇಳು" ಎಂದಳು ಅಕ್ಕ. "ನಿನ್ನ ಕಾಲೇಜಲ್ಲಿ ಏನು ವಿಶೇಷ?"

ವ್ಯಾಯಾಮದ ತರಗತಿಯಲ್ಲಿ ಒಬ್ಬ ಹುಡುಗಿಗೆ ಎಡ ಬಲ ಗೊತ್ತಾಗುವುದಿಲ್ಲ ಎಂದು ಕೋಚ್ ಶುರುಮಾಡಿದಳು. ಎಡಕ್ಕೆ ಎಂದರೆ ಬಲಕ್ಕೆ ತಿರುಗಿ ಪಕ್ಕದವಳಿಗೆ ಹಣೆ ಕುಟ್ಟುತ್ತಾಳೆ. ಇತ್ತೀಚೆಗೆ ಇಡೀ ಸಾಲು ಅವಳನ್ನೇ ನೋಡಿ ತಿರುಗುವುದು ಕಲಿತು, ಈಗ ಸರಿಯಾಗಿ ತಿರುಗುವವಳೇ ತಪ್ಪು ಮಾಡಿದಂತೆ ಕಾಣುತ್ತಾಳೆ. ಅದು ಅಂಥ ತಮಾಷೆಯ ಕತೆಯೇನೂ ಆಗಿರಲಿಲ್ಲ. ಅವಳು ಎಳೆದು ಎಳೆದು ಹೇಳಿದಳು. ಚಮಚ ತಟ್ಟೆಗೆ ತಾಗುವ ಸದ್ದು ಬಂತು, ನಿಂತಿತು. ಬಹಳ ಹೊತ್ತು ಬರಲಿಲ್ಲ. ಕೋಚಿನ ಕತೆ ಮುಗಿದೇಹೋಯಿತು.

ಮೇಜಿನ ಕೆಳಗೆ ಅಕ್ಕ ಅವಳ ಕಾಲನ್ನು ಒದ್ದಳು. ಚೆನ್ನಾಗಿಯೇ ನೋವಾಗುವಂತೆ ಒದ್ದಳು.

"ಸುಮ್ಮನಾಗ್ಬೇಡ" ಎಂದಳು, ಕಣ್ಣನ್ನು ಉಪ್ಪಿನ ಬಟ್ಟಲ ಮೇಲೇ ಇಟ್ಟುಕೊಂಡು. "ಆಮೇಲೆ ಏನಾಯ್ತು? ಹೇಳು."